ಎರಡು ಬುಟ್ಟಿ ಹಾಪ್ಸ್

ಸೆಪ್ಟೆಂಬರ್ 9, ಮಂಗಳವಾರ

ಈ ದಿನಚರಿ ಮಾಲ್ಟ್ ಕಾರ್ಖಾನೆಯವರು ಹೊಸ ವರ್ಷಕ್ಕೆ ಎಲ್ಲರಿಗೂ ಕೊಡುವಂಥದ್ದು. ಜೂನ್ ತನಕದ ಹಾಳೆಗಳಲ್ಲಿ ನನ್ನ ಗಂಡ ಒಟ್‌ಮಾರ್ ಇಸ್ಪೀಟಿನ ಅಂಕ ಗೀಚಿದ್ದಾನೆ. ಅಲ್ಲಿಂದಾಚೆ ಖಾಲಿ. ಹಾಳೆ ಸುಮ್ಮನೆ ದಂಡವಾಗುವುದೇಕೆ ಎಂದು ಬರೆಯಲು ಕೂತೆ. ಬೇರೆ ಕಾರಣವಿಲ್ಲ.

ಬೆಳಗಿನ ಪಾಳಿ ಮುಗಿಸಿ ಬಂದೆ. ಕಾರ್ಖಾನೆಯಲ್ಲಿ ಬಿಯರಿನ ಮಾಲ್ಟಿಗೆಂದು ನೆನೆಸಿದ ಬಾರ್ಲಿ ಚೆನ್ನಾಗಿ ಮೊಳೆತಿದೆ. ಊಟಕ್ಕೆ ಬ್ರೆಡ್ಡು, ಮೂಲಂಗಿ.

ನೆಲಮಾಳಿಗೆಗೆ ಇಳಿದೆ. ಜೂನಿನಲ್ಲಿ ಅವನು ತೀರಿಕೊಂಡ ಮೇಲೆ ಇಳಿದಿರಲಿಲ್ಲ. ಒಟ್‌ಮಾರ್‌ನ ರಬ್ಬರ್ ಬೂಟುಗಳು ಮೆಟ್ಟಿಲ ಕೆಳಗೆ ಇದ್ದಲ್ಲೇ ಇವೆ. ಬಿಯರಿಗೆ ಹುದುಗು ಹಿಡಿಸುವ ಯೀಸ್ಟಿನ ಬಕೆಟ್ಟಿನ ಮುಚ್ಚಳ ತೆಗೆದರೆ ಕಂದು ನೀರು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಆಗಾಗ ನೀರು ಬದಲಿಸಬೇಕಿತ್ತು, ಬದಲಿಸಿರಲಿಲ್ಲ. ಅವನ ಅಪ್ಪನ ಕಾಲದಿಂದ ಸಾಯದೆ ಉಳಿದುಕೊಂಡು ಬಂದದ್ದು. ಚರಂಡಿಗೆ ಸುರಿದು, ಬಕೆಟ್ ತೊಳೆದು ಬೋರಲು ಹಾಕಿದೆ. ಏನೂ ಅನಿಸಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ವೆಂಡೆಲಿನ್ ಬಂದಿದ್ದ. ಮುದುಕ ಮೊದಲು ಗಾಜಿನ ಕಾರ್ಖಾನೆಯಲ್ಲಿ ಬಿಯರ್ ಲೋಟ ಊದುತ್ತಿದ್ದವನು. ಕಾರ್ಖಾನೆ ಮುಚ್ಚಿದ ಮೇಲೆ ಐದು ಮನೆಯವರು ಸರದಿಯಂತೆ ಬಿಯರ್ ಕಾಯಿಸುವ ಊರ ಕೊಪ್ಪರಿಗೆಮನೆಯ ಬೀಗದ ಕೈ ಅವನ ಸೊಂಟಕ್ಕೆ ಬಂತು. ಯಾವ ಮನೆಯವರು ಯಾವ ವಾರ ಬಿಯರ್ ಕಾಯಿಸಬೇಕು, ಸೌದೆ ಎಷ್ಟು ಬೇಕು, ಎಲ್ಲ ಅವನೇ ನೋಡಿಕೊಳ್ಳುವುದು. ಕೂರು ಎಂದರೆ ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ನಿಮ್ಮನೆ ಪಾಳಿನ ಬೇಸಿಗೆ ಪೂರ್ತಿ ನಾವು ನಾಲ್ಕು ಮನೆಯವರು ಹಂಚ್ಕೊಂಡ್ವಿ. ಅದೇನು ದೊಡ್ಡದಲ್ಲ," ಎಂದ. "ಆದ್ರೆ ನವೆಂಬರ್‌ನ ಮಾರ್ಟಿನ್ ಹಬ್ಬದೊಳಗೆ ಈ ಮನೆ ಹೆಸರಲ್ಲಿ ಒಂದ್ಸಲ ಒಲೆ ಉರೀಬೇಕು ಕಣಮ್ಮ. ಇಲ್ಲಾಂದ್ರೆ ನಿಮ್ಮ ನಕ್ಷತ್ರ ಇಳೀತು ಅಂತ್ಲೇ ಲೆಕ್ಕ. ಐದು ಮನೆ ನಾಲ್ಕಾದ್ರೆ ಪುರಸಭೆಯವರು ಚಿಮಣಿ ರಿಪೇರಿ ಮಾಡ್ಸಲ್ಲ. ಆಮೇಲೆ ಕೊಪ್ಪರಿಗೇಲಿ ಹೂಗಿಡ ನೆಟ್ಕೊಂಡು ಕೂರೋದೇ."

ಬಿಯರ್ ಕಾಯಿಸುವ ಹಕ್ಕು ಮನೆಯದು, ಮನುಷ್ಯರದಲ್ಲ ಎಂದೂ ನೆನಪಿಸಿದ. ನನಗೆ ಗೊತ್ತಿಲ್ಲವೇ. ಈ ಮನೆಗೆ ಸೊಸೆಯಾಗಿ ಬಂದ ದಿನವೇ ಅತ್ತೆ ಸೂರಿನಡಿ ತೂಗುವ ಆರು ಮೂಲೆಯ ಮರದ ನಕ್ಷತ್ರ ತೋರಿಸಿ, ಬಿಯರ್ ಸಿದ್ಧವಾದ ದಿನ ಅದನ್ನು ಹೊರಗೆ ಹಾಕಬೇಕು, ಅದನ್ನು ಕಂಡು ಜನ ನಮ್ಮ ಮುಂಗೋಣೆಗೆ ಕುಡಿಯಲು ಬರುತ್ತಾರೆ, ತೀರಿದ ದಿನ ಒಳಗೆ ತರಬೇಕು, ಮಿಕ್ಕಿದ್ದು ನಿನ್ನಿಷ್ಟ ಎಂದಿದ್ದಳು.

ನೋಡೋಣ ಎಂದೆ. ಅವನು ಹೋದ.

ಸೆಪ್ಟೆಂಬರ್ 18, ಗುರುವಾರ

ಕಾರ್ಖಾನೆಯಲ್ಲಿ ಎಲ್ಲರನ್ನೂ ಸೇರಿಸಿ ಮ್ಯಾನೇಜರು ಭಾಷಣ ಮಾಡಿದರು. ಯುರೋಪಿನಲ್ಲಿ ಜನ ಬಿಯರ್ ಕುಡಿಯುವುದು ಕಡಿಮೆ ಮಾಡುತ್ತಿದ್ದಾರಂತೆ. ಒಂದು ಲೋಟ ಬಿಯರ್ ಹಿಂದೆ ಎಷ್ಟು ಜನ ಬದುಕುತ್ತಾರೆಂದು ಪರದೆಯ ಮೇಲೆ ಚಿತ್ರ ತೋರಿಸಿದರು. ಫ್ರಾನ್ಸಿನಲ್ಲಿ ಬಾರ್ಲಿ ಬಿತ್ತುವವ, ಬೊಹೀಮಿಯಾದಲ್ಲಿ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಬಳ್ಳಿ ಕಟ್ಟುವವ, ಮೊಳಕೆ ಬರಿಸುವ ನಾವು, ಬಾಟಲಿ ಮಾಡುವವರು, ಲಾರಿಯವರು, ಲೋಟದಡಿಗೆ ಇಡುವ ರಟ್ಟು ಕತ್ತರಿಸುವವರು, ಹೋಟೆಲಿನ ಹುಡುಗಿಯರು, ಕೊನೆಗೆ ತೆರಿಗೆ ಎಣಿಸುವ ಸರ್ಕಾರ. ಒಂದರಿಂದ ಒಂದಕ್ಕೆ ಬಾಣದ ಗುರುತು. ಎಲ್ಲ ಬಾಣಗಳೂ ಆ ಲೋಟದಿಂದಲೇ ಹೊರಟಿದ್ದವು.

ಲೋಟವನ್ನು ಹಿಡಿದವನ ಚಿತ್ರ ಇರಲಿಲ್ಲ. ಒಟ್‌ಮಾರ್ ಇದ್ದಿದ್ದರೆ ಕೇಳಿಬಿಡುತ್ತಿದ್ದ.

ಅಕ್ಟೋಬರಿನಿಂದ ಮೂರು ಪಾಳಿಯ ಬದಲು ಎರಡು. ನನಗೆ ವಾರಕ್ಕೆ ನಾಲ್ಕು ದಿನ ಕೆಲಸ. ಉಳಿದವರು ಗೊಣಗಿದರು. ನಾನು ಕೈತೊಳೆದು ಬಂದೆ.

ಸೆಪ್ಟೆಂಬರ್ 24, ಬುಧವಾರ

ದೊಡ್ಡ ಬಿಯರ್ ಕಂಪನಿಯಿಂದ ಶ್ಟ್ರೋಬೆಲ್ ಎಂಬ ಮನುಷ್ಯ ಬಂದಿದ್ದ. ಒಳ್ಳೆಯ ಬೂಟು, ಒಳ್ಳೆಯ ಮಾತು. ಒಟ್‌ಮಾರ್ ಬಗ್ಗೆ ಎರಡು ಸಲ ವಿಷಾದ ಹೇಳಿದ.

ಅವನು ಹೇಳಿದ್ದು ಇಷ್ಟು. ನಾನು ಕೊಪ್ಪರಿಗೆಗೆ ಹೋಗಬೇಕಾಗಿಲ್ಲ, ಬೆಳಗಾಗೆದ್ದು ಸೌದೆ ಹೊರಬೇಕಾಗಿಲ್ಲ. ಅವರ ಪೀಪಾಯಿಗಳು ಲಾರಿಯಲ್ಲಿ ಬರುತ್ತವೆ. ನಾನು ನಕ್ಷತ್ರ ತೂಗುಹಾಕಿ, ನಮ್ಮ ಮುಂಗೋಣೆಯಲ್ಲಿ ಸುರಿದು ಕೊಟ್ಟರೆ ಸಾಕು. ಮೊದಲು ಒಂದು ವಾರಾಂತ್ಯ ನೋಡುವುದು. ಹೊಂದಿಕೆಯಾದರೆ ಮನೆಯ ಮತ್ತು ನಕ್ಷತ್ರದ ಫೋಟೋ ಅವರ ಬಾಟಲಿಯ ಚೀಟಿಯ ಮೇಲೆ ಬರುತ್ತದೆ. ಹಳೆಯ ಮನೆಯ ಬಿಯರ್ ಎಂದರೆ ಹ್ಯಾಂಬರ್ಗಿನಲ್ಲಿ ಜನ ಮುಗಿಬೀಳುತ್ತಾರಂತೆ.

"ನೀವು ಏನೂ ಮಾಡ್ಬೇಕಾಗಿಲ್ಲ," ಎಂದ. ಮೂರು ತಿಂಗಳಿಂದ ಯಾರೂ ನನಗೆ ಅಷ್ಟು ಹಿತವಾದ ಮಾತು ಹೇಳಿರಲಿಲ್ಲ.

ಹೂಂ ಎಂದೆ. ಬೇಡ ಎನ್ನಲು ಕಾರಣ ಕೊಡಬೇಕು, ಹೂಂ ಎನ್ನಲು ಏನೂ ಬೇಡ.

ಸೆಪ್ಟೆಂಬರ್ 26, ಶುಕ್ರವಾರ

ಕಾರ್ಖಾನೆಯ ಮೇಲ್ವಿಚಾರಕನಿಗೆ ಆಗಲೇ ಸುದ್ದಿ ಮುಟ್ಟಿದೆ. ಒಳ್ಳೆಯ ಕೆಲಸ ಮಾಡಿದೆ, ನಮ್ಮ ಮಾಲ್ಟಿನಲ್ಲಿ ಅರ್ಧ ಅವರಿಗೇ ಹೋಗುವುದು, ಅವರ ಮನಸ್ಸು ನೋಯಿಸಬಾರದು ಎಂದ.

ಒಟ್‌ಮಾರ್‌ನ ಅಕ್ಕ ಕುನಿಗುಂಡೆಗೆ ನಾನೇ ಹೇಳಿದೆ. ನಮ್ಮ ಬಿಯರ್ ಪಾಳಿಯಲ್ಲಿ ಅಡುಗೆಯೆಲ್ಲ ಅವಳದೇ. ಹಂದಿಯ ನೆಣದಲ್ಲಿ ಈರುಳ್ಳಿ ಕರಿದು ಬ್ರೆಡ್ಡಿಗೆ ಸವರಿಕೊಡುತ್ತಾಳಲ್ಲ, ಅದಕ್ಕಾಗಿಯೇ ಬರುವವರಿದ್ದಾರೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಈರುಳ್ಳಿ ಎಷ್ಟು ತರಲಿ ಎಂದಷ್ಟೇ ಕೇಳಿದಳು.

ಅಕ್ಟೋಬರ್ 10, ಶುಕ್ರವಾರ

ಲಾರಿ ಬಂತು. ಹೊಳೆಯುವ ಪೀಪಾಯಿಗಳು. ಇಳಿಸಿದವರಿಗೆ ನೆಲಮಾಳಿಗೆಯ ತಿರುವು ಗೊತ್ತಿಲ್ಲದೆ ಗೋಡೆಯ ಸುಣ್ಣ ಕೆರೆದು ಹೋಯಿತು.

ನಾಲ್ಕು ಗಂಟೆಗೆ ಏಣಿ ಹಾಕಿ ನಕ್ಷತ್ರ ಹೊರಗೆ ಕಟ್ಟಿದೆ. ಒಟ್‌ಮಾರ್ ಕಟ್ಟುವಾಗ ಕೆಳಗೆ ಏಣಿ ಹಿಡಿಯುವುದು ನನ್ನ ಕೆಲಸವಾಗಿತ್ತು. ಇವತ್ತು ಯಾರೂ ಹಿಡಿಯಲಿಲ್ಲ, ಏಣಿ ಅಲುಗಲೂ ಇಲ್ಲ.

ಅಕ್ಟೋಬರ್ 11, ಶನಿವಾರ

ನಿನ್ನೆ ಸಂಜೆ ಮುಂಗೋಣೆ ತುಂಬಿತ್ತು. ನಿಲ್ಲಲೂ ಜಾಗವಿರಲಿಲ್ಲ. ಬೇಸಿಗೆಯಿಂದ ನಮ್ಮ ನಕ್ಷತ್ರ ಕಾಣದೆ ಇದ್ದವರು ಪಕ್ಕದ ಊರುಗಳಿಂದಲೂ ಬಂದಿದ್ದರು. ಬಂದವರೆಲ್ಲ ನನ್ನ ಭುಜ ಮುಟ್ಟಿ ಒಳಗೆ ಹೋದರು.

ವೆಂಡೆಲಿನ್ ಯಾವಾಗಲೂ ಕೂರುವ ಒಲೆಯ ಪಕ್ಕದ ಬೆಂಚಿನಲ್ಲಿ ಕೂತ. ಮೊದಲ ಲೋಟ ಅವನಿಗೇ ಕೊಟ್ಟೆ. ಒಂದು ಗುಟುಕು ಕುಡಿದ. ಲೋಟವನ್ನು ದೀಪಕ್ಕೆ ಹಿಡಿದು ನೋಡಿದ. ಅದು ಕನ್ನಡಿಯ ಹಾಗೆ ತಿಳಿಯಾಗಿತ್ತು. ನಮ್ಮದು ಎಂದೂ ಅಷ್ಟು ತಿಳಿಯಾಗಿದ್ದಿಲ್ಲ.

"ತುಂಬಾ ಚೆನ್ನಾಗಿದೆ," ಎಂದ.

ಆಮೇಲೆ ಎಲ್ಲರೂ ಹಾಗೇ ಅಂದರು. ಚೆನ್ನಾಗಿದೆ ರೈನ್‌ಹಿಲ್ಡ್, ಬಹಳ ಚೆನ್ನಾಗಿದೆ. ಕುಡಿದು ಮುಗಿಸಿದರು, ಇನ್ನು ಸಾಕು ಎಂಬುದಕ್ಕೆ ಲೋಟದಡಿಯ ರಟ್ಟನ್ನು ಎತ್ತಿ ಲೋಟದ ಬಾಯಿಯ ಮೇಲಿಟ್ಟರು, ಎಣಿಸಿ ದುಡ್ಡಿಟ್ಟರು, ಹೊರಟರು. ಎಂಟು ಗಂಟೆಗೆ ಮುಂಗೋಣೆ ಖಾಲಿ. ಕುನಿಗುಂಡೆಯ ಪಾತ್ರೆಯಲ್ಲಿ ನೆಣ ಹೆಪ್ಪುಗಟ್ಟಿತ್ತು.

ಸುಸ್ತಾಗಿತ್ತು. ಬೇಗ ಮುಗಿದದ್ದು ಒಳ್ಳೆಯದೇ ಆಯಿತು.

ಅಕ್ಟೋಬರ್ 12, ಭಾನುವಾರ

ನಿನ್ನೆಯೂ ಅದೇ. ಬಂದವರು ಕಡಿಮೆ. ಒಂದೊಂದೇ ಲೋಟ. ಮೇಲೆ ರಟ್ಟು.

ಅಕ್ಟೋಬರ್ 14, ಮಂಗಳವಾರ

ನಿನ್ನೆ ನಕ್ಷತ್ರ ಇಳಿಸಿದೆ. ಪೀಪಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಲಾರಿಯವರು ಒಯ್ದರು.

ಇವತ್ತು ಲೋಟ ತೊಳೆಯಲು ಕೂತೆ. ಭಾನುವಾರದ ಲೋಟಗಳನ್ನು ಹಾಗೇ ಬಿಟ್ಟಿದ್ದೆ. ಒಂದೊಂದರ ಮೇಲೂ ರಟ್ಟು. ಮೇಜಿನುದ್ದಕ್ಕೂ. ರಟ್ಟು ಎತ್ತಿ ಪಕ್ಕಕ್ಕಿಡುವುದು, ಲೋಟ ತೊಳೆಯುವುದು, ರಟ್ಟು ಎತ್ತುವುದು. ಅರ್ಧ ಮುಗಿದಾಗ ನನ್ನ ಕಿವಿ ಬಿಸಿಯಾಯಿತು.

ಈ ಊರಿನಲ್ಲಿ ಯಾರೂ ಯಾವತ್ತೂ ಬಿಯರನ್ನು ಚೆನ್ನಾಗಿದೆ ಎಂದವರಲ್ಲ. ಒಟ್‌ಮಾರ್ ಮೂವತ್ತು ವರ್ಷ ಕಾಯಿಸಿದ. ಅವನಿಗೆ ಸಿಕ್ಕ ಅತಿದೊಡ್ಡ ಹೊಗಳಿಕೆ ಎಂದರೆ ವೆಂಡೆಲಿನ್ ಒಂದು ಈಸ್ಟರಿನಲ್ಲಿ ಅಂದ 'ಪರವಾಗಿಲ್ಲ'. ಅದನ್ನು ನೆನೆಸಿಕೊಂಡು ವಾರಗಟ್ಟಲೆ ಬೀಗಿದ್ದ. ಮಿಕ್ಕಂತೆ ಯಾವಾಗಲೂ ಬೈಗುಳ. ಸಪ್ಪೆ, ಗೊಡ್ಡು, ಕಳೆದ ಸಲದ್ದೇ ವಾಸಿ, ನಿನ್ನಪ್ಪನ ಕೈಗುಣ ನಿನಗೆ ಬರಲಿಲ್ಲ ಬಿಡು. ಬಯ್ಯುತ್ತ ಐದೈದು ಲೋಟ ಕುಡಿದು, ಹೆಂಡತಿಯರು ಬಂದು ಎಬ್ಬಿಸಿಕೊಂಡು ಹೋಗಬೇಕು.

ಚೆನ್ನಾಗಿದೆ ಎಂದು ಹೇಳುವುದು ದಾರಿಯಲ್ಲಿ ಸಿಕ್ಕ ಪರವೂರಿನ ಹೋಟೆಲಿನಲ್ಲಿ.

ನನ್ನ ಮನೆಯಲ್ಲಿ ಪರವೂರಿನವರ ಹಾಗೆ ಕೂತು ಹೋದರು. ನಕ್ಷತ್ರ ನಂಬಿ ಬಂದವರಿಗೆ ಲಾರಿಯ ಬಿಯರ್ ಸುರಿದೆ. ಅದು ತಪ್ಪು ಎಂದು ಒಬ್ಬರೂ ಅನ್ನಲಿಲ್ಲ. ಒಬ್ಬರಾದರೂ ಅನ್ನಬೇಕಿತ್ತು. ನಾಚಿಕೆಯಾಯಿತು. ಎರಡು ಲೋಟ ಒಡೆದವು. ಒಂದು ತಾನಾಗಿ ಬಿದ್ದದ್ದಲ್ಲ.

ಅಕ್ಟೋಬರ್ 16, ಗುರುವಾರ

ಕುನಿಗುಂಡೆಯ ಮನೆಗೆ ಹೋಗಿ, ನೀನಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಸೇಬು ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಏನಂತ ಹೇಳ್ಲೇ? ನಾಲ್ಕು ತಿಂಗಳಿಂದ ನಿನ್ ಮುಖದ ಮುಂದೆ ಯಾರಾದ್ರೂ ಏನಾದ್ರೂ ಹೇಳಿದ್ರೆ ಬಾವಿಗೆ ಕಲ್ಲು ಹಾಕ್ದಂಗೆ. ಸದ್ದೇ ಬರಲ್ಲ. ಬರ್ಬರ್ತಾ ನಾವೂ ಹಾಕೋದು ಬಿಟ್ವಿ."

ಸೇಬಿನ ಸಿಪ್ಪೆ ನಾನು ತಿಂದೆ. ಅವಳು ಹೆಚ್ಚುತ್ತ ಹೋದಳು.

ಅಕ್ಟೋಬರ್ 21, ಮಂಗಳವಾರ

ಶ್ಟ್ರೋಬೆಲ್ ಫೋನ್ ಮಾಡಿದ್ದ. ಚೆನ್ನಾಗಿ ನಡೆಯಿತಂತಲ್ಲ, ಮುಂದಿನದಕ್ಕೆ ದಿನ ಗೊತ್ತು ಮಾಡೋಣ, ಫೋಟೋ ತೆಗೆಯುವವನನ್ನೂ ಕರೆತರುತ್ತೇನೆ ಎಂದ. ಬೇಡ ಎಂದೆ. ಅವನಿಗೆ ಆಶ್ಚರ್ಯ.

"ಬಿಯರ್ ಚೆನ್ನಾಗಿದೆ ಅಂತ ಎಲ್ರೂ ಅಂದ್ರಂತಲ್ಲ ಮೇಡಂ?"

"ಎಲ್ರೂ ಅಂದ್ರು. ಅದಕ್ಕೇ ಬೇಡ."

ಅವನಿಗೆ ಅರ್ಥವಾಗಲಿಲ್ಲ. ಪಾಪ, ಅವನು ಈ ಕಡೆಯವನಲ್ಲ. ಮತ್ತೂ ಒಂದು ಸಲ ವಿಷಾದ ಹೇಳಿ ಫೋನಿಟ್ಟ.

ಮೇಲ್ವಿಚಾರಕನಿಗೆ ತಿಳಿದರೆ ಮುಖ ಊದಿಸುತ್ತಾನೆ. ನನ್ನೊಬ್ಬಳ ಮುಂಗೋಣೆಗಾಗಿ ಕಂಪನಿಯವರು ಮಾಲ್ಟ್ ಕೊಳ್ಳುವುದನ್ನು ನಿಲ್ಲಿಸಲಾರರು. ನಿಲ್ಲಿಸಿದರೆ ನಿಲ್ಲಿಸಲಿ. ಅಲ್ಲಿ ಬಾಣದ ಗುರುತು ಹಾಕಿದವರು ಯೋಚನೆ ಮಾಡಲಿ.

ಅಕ್ಟೋಬರ್ 23, ಗುರುವಾರ

ಕೊಪ್ಪರಿಗೆಮನೆಗೆ ಹೋದೆ. ವೆಂಡೆಲಿನ್ ಒಲೆಯ ಬೂದಿ ತೆಗೆಯುತ್ತಿದ್ದ. ಮಾರ್ಟಿನ್ ಹಬ್ಬದ ಹಿಂದಿನ ಬುಧವಾರ ಖಾಲಿ ಇದೆಯೇ ಎಂದೆ. ಯಾರಿಗೆ ಎಂದ. ಮನೆಗೆ ಎಂದೆ.

ಬೂದಿ ತೆಗೆಯುವುದನ್ನು ನಿಲ್ಲಿಸಲಿಲ್ಲ. ಸೌದೆ ನೀನೇ ತರಬೇಕು, ಈ ಸಲದ ಪುರಸಭೆಯ ಸೌದೆ ಹಸಿ ಇದೆ, ಬರೀ ಹೊಗೆ ಎಂದ.

ಅಕ್ಟೋಬರ್ 30, ಗುರುವಾರ

ಸೌದೆ ಒಡೆದೆ. ಮೂರು ದಿನ. ಕೈಯಲ್ಲಿ ಬೊಬ್ಬೆ ಎದ್ದಿದೆ. ಕೆಲಸ ನಾಲ್ಕು ದಿನಕ್ಕೆ ಇಳಿದದ್ದು ಇದಕ್ಕಾದರೂ ಬಂತು.

ಮಾಲ್ಟ್ ನಮ್ಮ ಕಾರ್ಖಾನೆಯದೇ ತಂದೆ. ನಾನೇ ತಿರುವಿ ಹಾಕಿದ ರಾಶಿಯದು, ಬಾಯಿಗೆ ಹಾಕಿ ಕಡಿದರೆ ಬಿಸ್ಕತ್ತಿನಷ್ಟು ಗರಿ. ಹಾಪ್ಸ್ ಹೂವು ಅಟ್ಟದಲ್ಲಿ ಗೋಣಿಯೊಳಗೆ ಇತ್ತು, ಒಟ್‌ಮಾರ್ ಚಳಿಗಾಲದಲ್ಲಿ ತರಿಸಿಟ್ಟದ್ದು. ಮೂಗಿಟ್ಟು ನೋಡಿದೆ, ಕೆಟ್ಟಿಲ್ಲ. ಎಷ್ಟು ಹಾಕಬೇಕು ಎಂದು ಅವನು ತಕ್ಕಡಿಯಲ್ಲಿ ತೂಗಿದ್ದು ನಾನು ಕಂಡೇ ಇಲ್ಲ. ಆಲೂಗಡ್ಡೆಯ ಬೆತ್ತದ ಬುಟ್ಟಿಯಲ್ಲಿ ಎರಡು ಬುಟ್ಟಿ, ಅಷ್ಟೇ. ಅವನ ಅಪ್ಪನದೂ ಅದೇ ಅಳತೆ, ಅದೇ ಬುಟ್ಟಿ.

ಯೀಸ್ಟ್ ಇಲ್ಲ. ಅದನ್ನು ನೆನೆದು ಸಂಕಟವಾಯಿತು. ಆವತ್ತು ಚರಂಡಿಗೆ ಸುರಿದಾಗ ಯಾಕೆ ಆಗಲಿಲ್ಲವೋ.

ನವೆಂಬರ್ 3, ಸೋಮವಾರ

ಬಕೆಟ್ ಹಿಡಿದು ವೆಂಡೆಲಿನ್ ಮನೆಗೆ ಹೋದೆ. ಯೀಸ್ಟ್ ಸತ್ತ ಮನೆಯವರು ಇನ್ನೊಂದು ಮನೆಗೆ ಬಕೆಟ್ ಹಿಡಿದು ಹೋಗುವುದು ಇಲ್ಲಿ ಅವಮಾನವೇನಲ್ಲ, ಆದರೂ ಬೀದಿಯುದ್ದಕ್ಕೂ ಎಲ್ಲರ ಕಣ್ಣು ಬಕೆಟ್ಟಿನ ಮೇಲೆ. ಸುರಿದುಬಿಟ್ಟೆ, ಅದು ಮಾವನ ಕಾಲದ್ದು ಎಂದು ಅವನಿಗೆ ಹೇಳಿದೆ. ಅವನು ನೆಲಮಾಳಿಗೆಗೆ ಇಳಿದು, ಬಿಳಿ ಕೆನೆಯಂಥದ್ದನ್ನು ತುಂಬಿ ತಂದ.

"ಅಯ್ಯೋ ಮಾರಾಯ್ತಿ, ಇದು ನಿಮ್ದೇ. ಏಪ್ರಿಲ್‌ನಲ್ಲಿ ನಂದು ಹಳಸ್ಕೊಂಡಿತ್ತು, ಒಟ್‌ಮಾರ್ ತಂದ್ಕೊಟ್ಟ. ಅದಕ್ಕೂ ಮುಂಚೆ ಅವನು ನಮ್ಮನೇದು ಒಯ್ದಿದ್ದ. ಯಾರದು ಯಾರದು ಅಂತ ಲೆಕ್ಕ ಇಟ್ಟೋರು ಯಾರು? ಹಿಡ್ಕೋ, ಚೆಲ್ಬೇಡ."

ಬಕೆಟ್ ಭಾರವಾಗಿತ್ತು. ಮನೆ ತಲುಪುವವರೆಗೂ ಕೈ ಬದಲಿಸಲಿಲ್ಲ. ಬದಲಿಸಿದರೆ ಚೆಲ್ಲೀತು ಎಂದು.

ನವೆಂಬರ್ 5, ಬುಧವಾರ

ಇವತ್ತು ಒಲೆ ಹಚ್ಚಿದೆ.

ನಸುಕಿನಲ್ಲೇ ಎದ್ದೆ. ಒಟ್‌ಮಾರ್‌ನ ಬೂಟುಗಳನ್ನೇ ಹಾಕಿಕೊಂಡೆ, ಒಳಗೆ ಎರಡು ಜೊತೆ ಉಣ್ಣೆಯ ಕಾಲುಚೀಲ. ಆದರೂ ಹೆಜ್ಜೆ ಹೆಜ್ಜೆಗೂ ಬೂಟು ಹಿಂದೆ ಉಳಿದುಬಿಡುತ್ತಿತ್ತು. ಬೆಂಕಿ ಹೊತ್ತಿಸುವುದು ಮನೆಯವರೇ ಮಾಡಬೇಕು. ವೆಂಡೆಲಿನ್ ಕಡ್ಡಿಪೆಟ್ಟಿಗೆ ಕೊಟ್ಟು ದೂರ ನಿಂತ. ಎರಡು ಕಡ್ಡಿ ಆರಿದವು. ಮೂರನೆಯದು ಹಿಡಿಯಿತು.

ಮಾಲ್ಟನ್ನು ಬಿಸಿನೀರಿಗೆ ಸುರಿದು ಮರದ ಹುಟ್ಟಿನಿಂದ ಕಲೆಸಿದೆ. ನೋಡಿ ನೋಡಿ ಗೊತ್ತಿತ್ತು, ತೋಳಿಗೆ ಗೊತ್ತಿರಲಿಲ್ಲ. ಕುನಿಗುಂಡೆ ಬ್ರೆಡ್ಡಿನ ಸಾರು ತಂದು ಕೊಟ್ಟು, ನಿಂತೇ ಕುಡಿ ಎಂದಳು. ಮಧ್ಯಾಹ್ನಕ್ಕೆ ಸಿಹಿರಸವನ್ನು ಸೋಸಿ ಕೊಪ್ಪರಿಗೆಗೆ ಏರಿಸಿದ್ದಾಯಿತು. ಕುದಿ ಬಂದಾಗ ಇಡೀ ಬೀದಿಗೆ ವಾಸನೆ. ಶಾಲೆ ಬಿಟ್ಟ ಮಕ್ಕಳು ಕಿಟಕಿಯಲ್ಲಿ ಇಣುಕಿ ಮೂಗು ಮುಚ್ಚಿಕೊಂಡು ಓಡಿದರು.

ಹಾಪ್ಸ್ ಹಾಕುವ ಹೊತ್ತಿಗೆ ನಾನೊಬ್ಬಳೇ ಮೇಲಿದ್ದೆ. ವೆಂಡೆಲಿನ್ ಕೆಳಗೆ ಒಲೆಯ ಬಾಯಿಯ ಬಳಿ. ಗೋಣಿ ಬಿಚ್ಚಿ ಬುಟ್ಟಿ ತುಂಬಿಸಿದೆ. ಕೈಯಿಂದ ಒತ್ತಿದೆ. ಇನ್ನಷ್ಟು ಹಿಡಿಯಿತು. ಮತ್ತೆ ಒತ್ತಿದೆ. ಆಮೇಲೆ ಮೊಣಕಾಲು ಊರಿ ಒತ್ತಿದೆ. ಎರಡನೆಯ ಬುಟ್ಟಿಯೂ ಹಾಗೆಯೇ. ಯಾಕೋ ತುಂಬಾ ಹೊತ್ತು ಹಿಡಿಯಿತು. ಕೈಯೆಲ್ಲ ಹಳದಿ ಪುಡಿ, ಅಂಟು. ಸೋಪು ಹಾಕಿ ತೊಳೆದರೂ ಇನ್ನೂ ಹೋಗಿಲ್ಲ, ಪೆನ್ನು ಅಂಟುತ್ತಿದೆ.

ರಸ ಈಗ ಕೊಪ್ಪರಿಗೆಮನೆಯ ಅಟ್ಟದ ಮೇಲಿನ ಅಗಲ ತಟ್ಟೆಯಲ್ಲಿ ತಣಿಯುತ್ತಿದೆ.

ನವೆಂಬರ್ 6, ಗುರುವಾರ

ಬೆಳಿಗ್ಗೆ ವೆಂಡೆಲಿನ್‌ನ ಟ್ರಾಕ್ಟರಿನಲ್ಲಿ ರಸವನ್ನು ಮನೆಗೆ ತಂದು, ಕೊಳವೆಯಿಂದ ನೆಲಮಾಳಿಗೆಯ ತೊಟ್ಟಿಗೆ ಇಳಿಸಿದ್ದಾಯಿತು. ಯೀಸ್ಟ್ ಸುರಿದೆ. ಬೂಟಿನೊಳಗೆ ಎಲ್ಲಿಂದಲೋ ನೀರು ನುಗ್ಗುತ್ತಿದೆ, ಎಡಗಾಲಿನದು ಸೀಳಿರಬೇಕು. ಅವನು ಒಂದು ದಿನವೂ ಹೇಳಲಿಲ್ಲ.

ನವೆಂಬರ್ 8, ಶನಿವಾರ

ತೊಟ್ಟಿಯ ಮೇಲೆ ನೊರೆ ಎದ್ದಿದೆ. ಹೂಕೋಸಿನ ಹಾಗೆ. ಐದು ಸಲ ಹೋಗಿ ನೋಡಿದೆ.

ನವೆಂಬರ್ 11, ಮಂಗಳವಾರ

ಮಾರ್ಟಿನ್ ಹಬ್ಬ. ಕೊಪ್ಪರಿಗೆಮನೆಯ ಬಾಗಿಲಿನ ಹಲಗೆಯಲ್ಲಿ ವೆಂಡೆಲಿನ್ ಸೀಮೆಸುಣ್ಣದಿಂದ ಐದೂ ಮನೆಗಳ ಹೆಸರು ಬರೆದಿದ್ದಾನೆ. ಚಿಮಣಿಯನ್ನು ವಸಂತದಲ್ಲಿ ಸರಿಪಡಿಸುತ್ತಾರಂತೆ. ಕುನಿಗುಂಡೆ ಬಾತುಕೋಳಿ ಹುರಿದಿದ್ದಳು. ಉಪ್ಪು ಹೆಚ್ಚಾಗಿತ್ತು, ಹೇಳಿದೆ. ಹಾಗಾದರೆ ತಿನ್ನಬೇಡ ಎಂದು ತಟ್ಟೆ ಎಳೆದುಕೊಂಡಳು. ಜಗಳವಾಡಿ ತಿಂದೆ.

ನವೆಂಬರ್ 19, ಬುಧವಾರ

ಬಿಯರನ್ನು ಪೀಪಾಯಿಗಳಿಗೆ ಇಳಿಸಿದೆ. ಇನ್ನು ಸುಮ್ಮನೆ ಕಾಯಬೇಕು. ರುಚಿ ನೋಡಲಿಲ್ಲ. ಧೈರ್ಯವಾಗಲಿಲ್ಲ.

ಕಾರ್ಖಾನೆಯಲ್ಲಿ ಮೇಲ್ವಿಚಾರಕ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಕಂಪನಿಯವರು ಮಾಲ್ಟ್ ಇನ್ನೂ ಕಡಿಮೆ ಮಾಡುತ್ತಾರಂತೆ. ನಿನ್ನಿಂದಲೇ ಎಂದು ಅವನು ಅನ್ನಲಿಲ್ಲ, ಪೋಲೆಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಎಲ್ಲರಿಗೂ ಗೊತ್ತು. ವಸಂತದ ಹೊತ್ತಿಗೆ ನನಗೆ ಮೂರು ದಿನ ಕೆಲಸ ಉಳಿದರೆ ಹೆಚ್ಚು. ಭಯವಾಗುತ್ತದೆ. ಇದನ್ನು ಯಾರಿಗೂ ಹೇಳಿಲ್ಲ.

ಡಿಸೆಂಬರ್ 12, ಶುಕ್ರವಾರ

ನಕ್ಷತ್ರ ಕಟ್ಟಿದೆ. ಏಣಿ ಹಿಡಿಯಲು ಕುನಿಗುಂಡೆಯನ್ನು ಕರೆದೆ. ಅಲುಗಿಸಬೇಡವೇ ಎಂದು ಮೇಲಿನಿಂದ ಕೂಗಿದರೆ, ನಾನಲ್ಲ, ನಿನ್ನ ಕಾಲೇ ನಡುಗುತ್ತಿರುವುದು ಎಂದಳು.

ಜನ ಬರುತ್ತಾರೋ ಇಲ್ಲವೋ.

ಡಿಸೆಂಬರ್ 13, ಶನಿವಾರ

ಬಂದರು. ಅಕ್ಟೋಬರಿನಷ್ಟು ಅಲ್ಲ. ಬೀದಿಯವರು, ಆಚೆ ಬೀದಿಯವರು, ಕಾರ್ಖಾನೆಯ ನಾಲ್ಕಾರು ಮಂದಿ. ಈ ಸಲ ಯಾರೂ ಭುಜ ಮುಟ್ಟಲಿಲ್ಲ. ಬಾಗಿಲಲ್ಲೇ ಮೂಗು ಅರಳಿಸಿ, ಇದು ಯಾರದು ಎನ್ನುವ ಹಾಗೆ ನನ್ನ ಮುಖ ನೋಡಿದರು.

ವೆಂಡೆಲಿನ್‌ಗೆ ಮೊದಲ ಲೋಟ. ಬಿಯರ್ ಮಂಜುಮಂಜಾಗಿತ್ತು. ಅವನು ಕುಡಿದ. ಬಾಯಲ್ಲಿಟ್ಟುಕೊಂಡು ಸೂರು ನೋಡಿದ. ನುಂಗಿದ. ನಾನು ಏಪ್ರನ್ನಿನ ತುದಿ ಹಿಡಿದು ನಿಂತಿದ್ದೆ.

"ಕಹಿ," ಎಂದ.

ಅಷ್ಟು ಸಾಕಾಯಿತು. ಮುಂಗೋಣೆ ಬಾಯಿ ಬಿಟ್ಟಿತು. ಕಹಿಯಂದರೆ ಕಹಿ, ಇದಕ್ಕಿಂತ ಕಷಾಯ ವಾಸಿ ಎಂದ ಒಬ್ಬ. ಔಷಧಿ ಅಂಗಡಿಯಲ್ಲಿ ಮಾರಬಹುದು ಎಂದ ಇನ್ನೊಬ್ಬ. ನಾಲಿಗೆ ಒಳಕ್ಕೆ ಹೋಯಿತು, ಹುಡುಕಿಕೊಡಿ ಎಂದ ಬೇಕರಿಯವನು. ನನಗೆ ಎಲ್ಲಿತ್ತೋ ಸಿಟ್ಟು. ಬೇಡವಾದರೆ ಎದ್ದು ಹೋಗಿ ಶ್ಟ್ರೋಬೆಲ್‌ನ ಲಾರಿಯ ಹಿಂದೆ ಓಡಿ, ಅವನದು ತುಂಬಾ ಚೆನ್ನಾಗಿದೆ ಅಂದವರು ನೀವೇ ಅಲ್ಲವೇ ಎಂದು ಕೂಗಿಬಿಟ್ಟೆ. ಆಮೇಲೆ ನಗು ಎಂದರೆ ನಗು. ಕುನಿಗುಂಡೆ ನೆಣದ ಪಾತ್ರೆ ಕೆಳಗಿಟ್ಟು ನಕ್ಕಳು.

ನಗು ಇಳಿದ ಮೇಲೆ ವೆಂಡೆಲಿನ್ ಹತ್ತಿರ ಹೋಗಿ ಕೇಳಿದೆ. ಎರಡೇ ಬುಟ್ಟಿ ಹಾಕಿದ್ದು, ಅದೇ ಬುಟ್ಟಿ, ಇಷ್ಟು ಕಹಿ ಹೇಗಾಯಿತು ಎಂದೆ.

"ಅವನು ಬುಟ್ಟಿ ತುಂಬ್ತಿದ್ದ. ಒತ್ತುತಿರ್ಲಿಲ್ಲ," ಎಂದ. "ನಾನು ಸೌದೆ ತರೋಕೆ ಅಂತ ಮೆಟ್ಲತ್ರ ಬಂದಾಗ ನೋಡ್ದೆ. ಮೊಣಕಾಲೂರಿ ಒತ್ತುತಿದ್ದೆ ನೀನು."

"ನೋಡಿದ್ಮೇಲೆ ಹೇಳ್ಬಾರ್ದಾಗಿತ್ತಾ?"

ಅವನು ಲೋಟದ ಕಂಠ ಒರೆಸಿದ. "ಹೇಳೋಕೆ ಬಾಯಿ ಬರ್ಲಿಲ್ಲ ತಾಯಿ. ನೀನು ಒತ್ತುತಿದ್ದದ್ದು ಹಾಪ್ಸ್ ಅಲ್ಲ. ಬಿಯರ್ ಹಾಳಾದ್ರೆ ಆಗ್ಲಿ, ಒತ್ಕೊಳ್ಲಿ ಅಂತ ಕೆಳಗಿಳಿದು ಹೋದೆ."

ಆಮೇಲೆ ಖಾಲಿ ಲೋಟವನ್ನು ನನ್ನ ಕಡೆಗೆ ತಳ್ಳಿದ.

ತುಂಬಿಕೊಂಡು ಬರುತ್ತೇನೆಂದು ನೆಲಮಾಳಿಗೆಗೆ ಇಳಿದು, ಮೆಟ್ಟಿಲ ಮೇಲೆ ಕೂತು ಅತ್ತೆ. ಮೇಲೆ ಲೋಟದಿಂದ ಮೇಜು ಕುಟ್ಟುತ್ತಿದ್ದರು, ಎಲ್ಲಿ ಸತ್ತಳು ಇವಳು ಎಂದು ಬೇಕರಿಯವನು ಕೂಗುತ್ತಿದ್ದ, ಹಾಗಾಗಿ ಹೆಚ್ಚು ಹೊತ್ತು ಅಳಲಾಗಲಿಲ್ಲ. ಎರಡೂ ಕೈಯಲ್ಲಿ ಜಾಡಿ ಹಿಡಿದು ಮೇಲೆ ಬಂದೆ. ಮೇಜಿನುದ್ದಕ್ಕೂ ಖಾಲಿ ಲೋಟಗಳು. ಒಂದರ ಮೇಲೂ ರಟ್ಟು ಇರಲಿಲ್ಲ.

ಬಯ್ಯುತ್ತಲೇ ಕುಡಿದರು. ಒಂದು ಪೀಪಾಯಿ ನಿನ್ನೆಯೇ ತೀರಿತು. ಭಾನುವಾರದವರೆಗೂ ಸಾಕಾಗುವುದಿಲ್ಲ ಎಂದು ಕುನಿಗುಂಡೆ ಈಗಲೇ ರಾಗ ತೆಗೆದಿದ್ದಾಳೆ.

ಜನವರಿಯ ಪಾಳಿಗೆ ಬುಟ್ಟಿ ತುಂಬುವುದಷ್ಟೇ, ಒತ್ತಬಾರದು. ನನ್ನ ಬೂಟುಗಳನ್ನು ಒಲೆಯ ಪಕ್ಕ ಒಣಗಲು ಇಟ್ಟಿದ್ದೇನೆ. ಎಡಗಾಲಿನದಕ್ಕೆ ತೇಪೆ ಹಾಕಿಸಬೇಕು.